ಗುಡ್ಡೆಯ ಟ್ಯಾಂಕಿನಿಂದ ಹೊಳೆ ಬದಿಯ ಪಂಪಿಗೆ ವಯರ್‌ಲೆಸ್: ಪರೀಕ್ಷೆ ಮಾಡಿದ ಅನುಭವ ಉಂಟಾ?

ಮುಳ್ಳೇರಿಯ ಕಡೆಯಿಂದ ಪ್ರಶ್ನೆ: ನಮ್ಮ ಕುಡಿಯುವ ನೀರಿನ ಪಂಪ್ ಹೌಸ್ ಪಯಸ್ವಿನಿಯ ಬದಿ, ಟ್ಯಾಂಕ್ ಗುಡ್ಡೆಯ ಮೇಲೆ. ನಡುವೆ 2 ಕಿಲೋಮೀಟರ್, ಪೂರ್ತಿ ಅಡಿಕೆ ತೋಟ. ಟ್ಯಾಂಕ್ ತುಂಬಿದ ಸುದ್ದಿ ಲೋರಾ ರೇಡಿಯೊದಲ್ಲಿ (ಕಡಿಮೆ ಕರೆಂಟಿನಲ್ಲಿ ಚಿಕ್ಕ ಸುದ್ದಿಯನ್ನು ದೂರಕ್ಕೆ ಕಳಿಸುವಂಥದ್ದು) ಕೆಳಗೆ ಬರಬೇಕು. ಹಾಕುವವರು ಅರ್ಧ ಗಂಟೆ ನೋಡಿ ‘ಸಿಗ್ನಲ್ ಫುಲ್ ಉಂಟು’ ಅನ್ನುತ್ತಾರೆ. ದುಡ್ಡು ಕೊಡುವ ಮೊದಲು ನಾವು ಏನೆಲ್ಲ ನೋಡಬೇಕು?

ಬದಿಯಡ್ಕದಿಂದ: ಅರ್ಧ ಗಂಟೆ ಸಾಲದು ಮಾರಾಯ್ರೇ. ನಾವೂ ಮಾರ್ಚ್ ಬಿಸಿಲಲ್ಲಿ ನೋಡಿ ಒಪ್ಪಿಕೊಂಡಿದ್ದೆವು. ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಸುದ್ದಿ ನಿಂತಿತು, ಪಂಪ್ ನಿಲ್ಲಲಿಲ್ಲ. ಬೆಳಿಗ್ಗೆ ನೋಡಿದರೆ ಉಕ್ಕಿದ ನೀರು ಕೆಳಗಿನ ಮನೆಯವರ ಅಂಗಳಕ್ಕೆ ಕೆಂಪು ಕೆಸರು ತಂದು ಸುರಿದಿತ್ತು. ಅವರ ಬಾಯಿಗೆ ಸಿಕ್ಕಿದ್ದು ನಾವು. ಒದ್ದೆ ಸೋಗೆ ಸಿಗ್ನಲ್ ಹೀರುತ್ತದೆ, ಹಾಗಾಗಿ ಜೋರು ಮಳೆಯಲ್ಲಿ ಒಮ್ಮೆ ನೋಡಲೇಬೇಕು.

ಆಮೇಲೆ ನಾವೇ ಲೆಕ್ಕ ಹಿಡಿದೆವು. ಸಿಗ್ನಲ್ ಕಡ್ಡಿ ಬಿಡಿ, ಬಾರದ ಸುದ್ದಿ ಎಣಿಸಿ. ನಿಮಿಷಕ್ಕೊಂದು ಸುದ್ದಿ, ಒಂದೊಂದಕ್ಕೂ ನಂಬರ್. ದಿನಕ್ಕೆ 1440. ಅದರಲ್ಲಿ 1400 ಬಂದರೆ 97 ಪರ್ಸೆಂಟ್, ಕೇಳಲಿಕ್ಕೆ ಚಂದ. ಆದರೆ ಉಳಿದ 40 ಅಲ್ಲೊಂದು ಇಲ್ಲೊಂದು ತಪ್ಪಿದ್ದೋ, ಸಾಲಾಗಿ 40 ನಿಮಿಷ ತಪ್ಪಿದ್ದೋ? ಅಲ್ಲೊಂದು ಇಲ್ಲೊಂದಾದರೆ ತೊಂದರೆಯಿಲ್ಲ. ಸಾಲಾಗಿ ತಪ್ಪಿದರೆ ಟ್ಯಾಂಕ್ ಉಕ್ಕುತ್ತದೆ.

ನಮ್ಮ ಪಟ್ಟಿಯಲ್ಲಿ ದಿನಾ ಬೆಳಿಗ್ಗೆ ಆರು ಗಂಟೆಯಿಂದ ಖಾಲಿ ಖಾಲಿ. ಆ ಹೊತ್ತಿಗೆ ಹೋಗಿ ಕೂತೆವು. ಪಂಪ್ ಶುರುವಾಯಿತು, ಸುದ್ದಿ ನಿಂತಿತು! ಆಂಟೆನಾ ಇಟ್ಟದ್ದು ಕಬ್ಬಿಣದ ಪ್ಯಾನಲ್ ಒಳಗೆ, ಮೋಟಾರಿನ ವೇಗ ಹೊಂದಿಸುವ ಡ್ರೈವ್ ಪಕ್ಕದಲ್ಲೇ. ಹೊರಗೆ ತಂದು ಮಾಡಿಗಿಂತ ಮೇಲೆ ಕಟ್ಟಿದ ಮೇಲೆ ಸರಿಯಾಯಿತು. ಪರೀಕ್ಷೆ ಹೊತ್ತಿಗೆ ಪಂಪ್ ಓಡುತ್ತಿರಲಿ, ಪ್ಯಾನಲ್ ಬಾಗಿಲು ಮುಚ್ಚಿರಲಿ.

ಪೆರ್ಲದಿಂದ: ಟ್ಯಾಂಕಿನ ಹತ್ತಿರ ನಿಂತಾಗ ಪಂಪ್ ಹೌಸ್ ಕಂಡರೆ ಆಯಿತು ಅಂದುಕೊಳ್ಳಬೇಡಿ. ಲೋರಾ ಓಡುವುದು ಇಲ್ಲಿ 866 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. 2 ಕಿಲೋಮೀಟರ್ ದೂರಕ್ಕೆ, ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಸುಮಾರು 8 ಮೀಟರ್ ಖಾಲಿ ಇರಬೇಕು. ಅಡಿಕೆ ಮರದ ತಲೆ ಅದರೊಳಗೆ ಬರಬಾರದು. ಮರ ಬೆಳೆಯುತ್ತದೆ ಅನ್ನುವುದೂ ನೆನಪಿರಲಿ.

ಕಂಬ ಎಷ್ಟೆತ್ತರ ಬೇಕು ನೋಡಲು ನಾವು ಅಡಿಕೆ ಕೊಯ್ಯುವ ದೋಟಿಗೇ ಆಂಟೆನಾ ಕಟ್ಟಿ ಎತ್ತಿದೆವು. ಬುದ್ಧಿ ಒಳ್ಳೆಯದೇ, ದೋಟಿ ಮಾತ್ರ ಕಾರ್ಬನ್ ಫೈಬರಿನದು. ಅದರಲ್ಲಿ ಕರೆಂಟ್ ಹರಿಯುತ್ತದೆ, ಆಂಟೆನಾಕ್ಕೆ ತಾಗಿಕೊಂಡಿದ್ದರೆ ಅಳತೆಯೆಲ್ಲ ತಪ್ಪು. ಒಣ ಬಿದಿರಿಗೆ ಕಟ್ಟಿದಾಗ ಅದೇ ಜಾಗದಲ್ಲಿ ಸಿಗ್ನಲ್ ನಾಲ್ಕೈದು ಡಿಬಿ (ಸಿಗ್ನಲ್ ಬಲದ ಅಳತೆ, ಡೆಸಿಬೆಲ್) ಜಾಸ್ತಿ ಬಂತು. ಕರೆಂಟಿನ ಲೈನ್ ಹತ್ತಿರವಂತೂ ಆ ದೋಟಿ ಎತ್ತಲೇಬೇಡಿ, ಜೀವ ಹೋದೀತು.

ಮುಳ್ಳೇರಿಯ: ಇಷ್ಟೆಲ್ಲ ಯಾಕೆ, ಸುಮ್ನೆ ಒಂದು ಸಿಮ್ ಹಾಕಿದರೆ ಆಗಲ್ವಾ?

ಪೆರ್ಲ: ನಮ್ಮಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ನಿಮ್ಮಲ್ಲಿ ಹೇಗೋ.

ಬದಿಯಡ್ಕ: ಸಿಮ್ ಆಗಲಿ ಲೋರಾ ಆಗಲಿ, ಒಂದು ಕೆಲಸ ಮಾಡಿ. ಪಂಪ್ ಓಡುತ್ತಿರುವಾಗ ಟ್ಯಾಂಕಿನ ಬದಿಯ ಬ್ಯಾಟರಿ ವಯರ್ ಕಿತ್ತು, ಗಡಿಯಾರ ನೋಡುತ್ತಾ ಕೂತುಕೊಳ್ಳಿ. 10 ನಿಮಿಷ ಸುದ್ದಿ ಬಾರದಿದ್ದರೆ ಪಂಪ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಬಿಲ್ಲಿಗೆ ಸಹಿ ಹಾಕಬೇಡಿ.