ಬೀಜಿಂಗಿನ ಆಕಾಶ ದೇಗುಲ: ಕಂಬಗಳ ಲೆಕ್ಕ ಉದ್ದೇಶಪೂರ್ವಕವೇ?

ಶಿಲ್ಪಾಸಕ್ತ: ಬೀಜಿಂಗಿನ ಆಕಾಶ ದೇಗುಲದ ಸುಗ್ಗಿ ಪ್ರಾರ್ಥನಾ ಮಂದಿರದಲ್ಲಿ 28 ಮರದ ಕಂಬಗಳಿವೆ. ನಡುವಣ ನಾಲ್ಕು ಕಂಬಗಳು ಋತುಗಳನ್ನೂ, ಅವುಗಳ ಸುತ್ತಲಿನ ಹನ್ನೆರಡು ಕಂಬಗಳು ತಿಂಗಳುಗಳನ್ನೂ, ಹೊರಸುತ್ತಿನ ಹನ್ನೆರಡು ಕಂಬಗಳು ಚೀನೀಯರ ಎರಡೆರಡು ಗಂಟೆಯ ಹೊತ್ತುಗಳನ್ನೂ ಸೂಚಿಸುತ್ತವೆಂದು ಓದಿದ್ದೇನೆ. ಇದು ಕಟ್ಟಿದವರ ಉದ್ದೇಶವೇ, ಇಲ್ಲವೇ ಕಟ್ಟಡ ಎದ್ದ ಮೇಲೆ ಹೊಂದಿಸಿದ ಅರ್ಥವೇ?

ಕಲ್ಲುಗಂಬ: ನಿಮ್ಮ ಅನುಮಾನ ಅಕಾರಣವಲ್ಲ. ಒಳಗಿನ ನಾಲ್ಕು ಕಂಬಗಳು ಮೇಲಿನ ಮಾಡನ್ನೂ, ಉಳಿದ ಎರಡು ಸುತ್ತುಗಳು ನಡುವಿನ ಮತ್ತು ಕೆಳಗಿನ ಮಾಡುಗಳನ್ನೂ ಹೊರುವುದರಿಂದ ಅಲ್ಲಿ ಅರ್ಥ ಯಾವುದು, ಅಗತ್ಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಅದೇ ಆವರಣದ ದಕ್ಷಿಣಕ್ಕಿರುವ ವೃತ್ತಾಕಾರದ ಬಲಿಪೀಠಕ್ಕೆ ಮಾಡೇ ಇಲ್ಲ. ಚಕ್ರವರ್ತಿ ವರ್ಷದಲ್ಲೇ ಹಗಲು ಅತಿ ಚಿಕ್ಕದಾಗಿರುವ ದಿನ (ಡಿಸೆಂಬರ್ ಕೊನೆಯ ಭಾಗದಲ್ಲಿ) ಬಯಲಲ್ಲೇ ಆಕಾಶಕ್ಕೆ ಬಲಿ ಅರ್ಪಿಸುತ್ತಿದ್ದ. ಅದರ ಮೇಲಿನ ಹಂತದಲ್ಲಿ ನಡುಗಲ್ಲಿನ ಸುತ್ತ 9, ಆಚೆಗೆ 18, ಹೀಗೆ ಒಂಬತ್ತನೆಯ ಸುತ್ತಿನಲ್ಲಿ 81 ಹಾಸುಗಲ್ಲುಗಳಿವೆ. ಇದೇ ಏರಿಕೆ ಕೆಳಗಿನ ಎರಡು ಹಂತಗಳಲ್ಲೂ ಮುಂದುವರಿದು 243ಕ್ಕೆ ಮುಟ್ಟುತ್ತದೆ. ಬೆಸ ಸಂಖ್ಯೆಗಳು ಯಾಂಗ್ ತತ್ತ್ವಕ್ಕೆ, ಅಂದರೆ ಆಕಾಶಕ್ಕೆ ಸೇರಿದವು. ಒಂದಂಕಿಯ ಬೆಸ ಸಂಖ್ಯೆಗಳಲ್ಲಿ ಒಂಬತ್ತೇ ದೊಡ್ಡದು. ಭಾರ ಹೊರುವ ಯಾವ ಕಾರಣವೂ ಇಲ್ಲದ ಈ ಲೆಕ್ಕ ಆಕಸ್ಮಿಕವಾಗಿರಲಾರದು.

ಹಳೆಯ ಹಾಸುಗಲ್ಲು: ಮೊದಲಿನಿಂದಲೂ ಹೀಗೇ ಇತ್ತೆಂದು ಭಾವಿಸಬಾರದು. 1420ರಲ್ಲಿ ಯಾಂಗ್‌ಲೆ ಚಕ್ರವರ್ತಿಯ ಕಾಲದಲ್ಲಿ ಎದ್ದ ಮಂದಿರ ಆಯತಾಕಾರದ್ದು, ಏಕೆಂದರೆ ಆಗ ಆಕಾಶ ಮತ್ತು ಭೂಮಿ ಎರಡಕ್ಕೂ ಅಲ್ಲಿಯೇ ಒಟ್ಟಿಗೆ ಪೂಜೆ ನಡೆಯುತ್ತಿತ್ತು. 1530ರಲ್ಲಿ ಜಿಯಾಜಿಂಗ್ ಚಕ್ರವರ್ತಿ ಈ ಪೂಜೆಗಳನ್ನು ಬೇರ್ಪಡಿಸಿ ಭೂಮಿಗೆ ನಗರದ ಉತ್ತರದಲ್ಲಿ ಚೌಕಾಕಾರದ ಪೀಠ ಕಟ್ಟಿಸಿದ. ದುಂಡನೆಯ ಮಂದಿರ ಬಂದದ್ದು 1545ರಲ್ಲಿ. ಆಗ ಮೂರು ಮಾಡುಗಳ ಹೆಂಚುಗಳಿಗೆ ನೀಲಿ, ಹಳದಿ, ಹಸಿರು ಬಣ್ಣಗಳಿದ್ದವು. 1751ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಎಲ್ಲವನ್ನೂ ಆಕಾಶದ ನೀಲಿಗೆ ಬದಲಿಸಿದ. ಆದ್ದರಿಂದ ‘ಕಟ್ಟಿದವರ ಉದ್ದೇಶ’ ಎಂದಾಗ ಯಾರ ಉದ್ದೇಶ ಎಂಬುದನ್ನೂ ಕೇಳಬೇಕಾಗುತ್ತದೆ. ಉತ್ತರದಲ್ಲಿ ದುಂಡಗೆ ಬಾಗಿ ದಕ್ಷಿಣದಲ್ಲಿ ನೇರ ಮೂಲೆಗಳಿರುವ ಆವರಣದ ಗೋಡೆ ಮಾತ್ರ ಆಕಾಶ ದುಂಡು, ಭೂಮಿ ಚೌಕ ಎಂಬ ಹಳೆಯ ಕಲ್ಪನೆಯನ್ನು ಇಂದಿಗೂ ಒಟ್ಟಿಗೇ ತೋರಿಸುತ್ತದೆ.

ಶಿಲ್ಪಾಸಕ್ತ: ಹಾಗಾದರೆ 28 ಎಂಬ ಮೊತ್ತ?

ಕಲ್ಲುಗಂಬ: ಅದನ್ನು ಚೀನೀ ಜ್ಯೋತಿಷ್ಯದ 28 ಚಂದ್ರಮನೆಗಳಿಗೆ ಹೋಲಿಸುತ್ತಾರೆ (ಅಭಿಜಿತ್ ಸೇರಿಸಿದರೆ ನಮ್ಮ ನಕ್ಷತ್ರಗಳೂ ಅಷ್ಟೇ). ಹೊರಗಿನ ಎರಡು ಸುತ್ತು ಕೂಡಿಸಿದರೆ ಬರುವ 24ನ್ನು ಅವರ ಪಂಚಾಂಗದಲ್ಲಿ ವರ್ಷವನ್ನು ವಿಭಾಗಿಸುವ 24 ಸೌರ ಅವಧಿಗಳೆನ್ನುತ್ತಾರೆ. ಕೂಡುವ ಕ್ರಮ ಬದಲಿಸಿದಂತೆಲ್ಲ ಹೊಸ ಅರ್ಥ ಸಿಗುವುದರಿಂದ ಈ ಮೊತ್ತಗಳನ್ನು ನಾನು ಹಾಸುಗಲ್ಲುಗಳಷ್ಟು ನಂಬುವುದಿಲ್ಲ.