ದೊಡ್ಡ ಸಂಸ್ಥೆಯ ತೆರಿಗೆ ವಿಭಾಗದಲ್ಲಿ ಆರ್ಟಿಕಲ್‌ಶಿಪ್: ಮಾಡಿದವರು ದಯವಿಟ್ಟು ತಿಳಿಸಿ

ಪ್ರಶ್ನೆ

ಸಿಎ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಮುಗಿಸಿದ್ದೇನೆ. ಬೆಂಗಳೂರಿನ ಒಂದು ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯ ನೇರ ತೆರಿಗೆ ವಿಭಾಗದಿಂದ ಆರ್ಟಿಕಲ್ (ಸಿಎ ಆಗಲು ಕಡ್ಡಾಯವಾದ ಕಚೇರಿ ತರಬೇತಿ ಪಡೆಯುವವರು) ಆಗಿ ಸೇರಲು ಕರೆ ಬಂದಿದೆ. ಇಲ್ಲಿ ದಾವಣಗೆರೆಯಲ್ಲಿ ತಂದೆಯವರಿಗೆ ಪರಿಚಯವಿರುವ ಲೆಕ್ಕಪರಿಶೋಧಕರೊಬ್ಬರು ತಮ್ಮಲ್ಲೇ ಸೇರು ಎನ್ನುತ್ತಿದ್ದಾರೆ. ತೆರಿಗೆಯೊಂದನ್ನೇ ಹಿಡಿದರೆ ಆಡಿಟ್ ಕೈತಪ್ಪುತ್ತದೆಯೇ, ಫೈನಲ್ ಓದಿಗೆ ಸಮಯ ಸಿಗುತ್ತದೆಯೇ, ಆರಂಭದಲ್ಲಿ ಯಾವ ಕೆಲಸ ಕೊಡುತ್ತಾರೆ ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ದೊಡ್ಡ ಸಂಸ್ಥೆ, ನೇರ ತೆರಿಗೆ, ಮೂರು ವರ್ಷ)

ನಾನು 2021ರ ಜನವರಿಯಲ್ಲಿ ಸೇರಿದೆ. ಆಗ ಮೂರು ವರ್ಷದ ಆರ್ಟಿಕಲ್‌ಶಿಪ್ ಇತ್ತು; 2023ರ ಜುಲೈನಿಂದ ಬಂದ ಹೊಸ ಪದ್ಧತಿಯಲ್ಲಿ ಅದು ಎರಡೇ ವರ್ಷ. ಮೊದಲ ಮೂರು ತಿಂಗಳು ನನ್ನ ಪಾಲಿಗೆ ಬಂದದ್ದು ಒಂದೇ ಬಗೆಯ ಕೆಲಸ. ಕಕ್ಷಿದಾರ ಕಂಪನಿಯ ಪುಸ್ತಕದಲ್ಲಿರುವ ಟಿಡಿಎಸ್ (ಹಣ ಕೊಡುವವರು ಮೊದಲೇ ಕಡಿತ ಮಾಡುವ ತೆರಿಗೆ) ಮೊತ್ತವನ್ನು, ಹಾಗೆ ಕಡಿತವಾದದ್ದನ್ನು ತೋರಿಸುವ ಇಲಾಖೆಯ 26ಎಎಸ್ ಪಟ್ಟಿಯ ಜೊತೆ ಸಾಲುಸಾಲಾಗಿ ತಾಳೆ ನೋಡುವುದು, ವ್ಯತ್ಯಾಸ ಕಂಡಲ್ಲಿ ಕಾರಣ ಹುಡುಕುವುದು, ಚಲನ್‌ಗಳನ್ನು ಜೋಡಿಸಿಡುವುದು. ಇದಕ್ಕಾಗಿಯೇ ಇಷ್ಟು ಓದಿದೆನೇ ಎಂದು ಅನ್ನಿಸಿದ್ದು ಸುಳ್ಳಲ್ಲ. ಆದರೆ ಗ್ರಾಹಕರೊಬ್ಬರು ಮಾರ್ಚ್‌ನಲ್ಲಿ ಕಡಿತ ಮಾಡಿದ್ದನ್ನು ನಮ್ಮ ಕಕ್ಷಿದಾರರು ಏಪ್ರಿಲ್‌ನಲ್ಲಿ ಆದಾಯವೆಂದು ಬರೆದುಕೊಂಡಾಗ ಯಾವ ವರ್ಷದಲ್ಲಿ ಆ ತೆರಿಗೆಯ ಲಾಭ ಕೇಳಬೇಕು ಎಂಬಂಥ ಪ್ರಶ್ನೆಗಳು ಆ ತಾಳೆಯಲ್ಲೇ ಎದುರಾಗುತ್ತವೆ.

ನನಗೆ ಚೆನ್ನಾಗಿ ನೆನಪಿರುವುದು ಆ ವರ್ಷದ ತೆರಿಗೆ ಆಡಿಟ್. ಕಂಪನಿಯೊಂದು ಸಿಬ್ಬಂದಿ ಮನೆಯಿಂದ ಕೆಲಸ ಮಾಡಲೆಂದು 42 ಲಕ್ಷ ರೂಪಾಯಿಯ ಲ್ಯಾಪ್‌ಟಾಪ್‌ಗಳನ್ನು ಖರೀದಿಸಿತ್ತು. ಬಿಲ್ಲಿನ ದಿನಾಂಕ 2020ರ ಸೆಪ್ಟೆಂಬರ್ 28. ನಾನು ಅದನ್ನೇ ಹಿಡಿದು ಪೂರ್ತಿ 40% ಸವಕಳಿ (ಆಸ್ತಿ ಸವೆಯುವುದಕ್ಕೆಂದು ಆದಾಯದಿಂದ ಕಳೆಯುವ ಮೊತ್ತ), ಅಂದರೆ 16.8 ಲಕ್ಷ, ಹಾಕಿ ಮ್ಯಾನೇಜರ್‌ಗೆ ಕಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಲ್ಯಾಪ್‌ಟಾಪ್‌ಗಳನ್ನು ಬಳಕೆಗೆ ಹಚ್ಚಿದ್ದು ಯಾವತ್ತು?' ಕಂಪನಿಯ ತಾಂತ್ರಿಕ ವಿಭಾಗಕ್ಕೆ ಮಿಂಚಂಚೆ ಬರೆದು ವಿತರಣೆಯ ಪಟ್ಟಿ ತರಿಸಿದಾಗ, ಅವು ಸಿಬ್ಬಂದಿಯ ಕೈ ಸೇರಿದ್ದು ಅಕ್ಟೋಬರ್ 9ರಂದು ಎಂದು ತಿಳಿಯಿತು. ಆ ವರ್ಷ ಅಕ್ಟೋಬರ್ 3ರ ನಂತರ ಬಳಕೆಗೆ ಬಂದ ಆಸ್ತಿಗೆ ಮಾರ್ಚ್ 31ರ ವೇಳೆಗೆ 180 ದಿನ ತುಂಬುವುದಿಲ್ಲವಾದ್ದರಿಂದ ಸವಕಳಿ ಅರ್ಧಕ್ಕೆ ಇಳಿಯಿತು, 8.4 ಲಕ್ಷದ ವ್ಯತ್ಯಾಸ. ಈ ನಿಯಮವನ್ನು ನಾನು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ. ಪಠ್ಯದ ಲೆಕ್ಕದಲ್ಲಿ ಬಳಕೆಯ ದಿನಾಂಕವನ್ನು ಅವರೇ ಕೊಟ್ಟಿರುತ್ತಾರೆ, ಇಲ್ಲಿ ನಾವೇ ಕೇಳಿ ಪಡೆಯಬೇಕು ಎಂಬುದಷ್ಟೇ ಹೊಳೆದಿರಲಿಲ್ಲ.

ದೊಡ್ಡ ಸಂಸ್ಥೆಯಲ್ಲಿ ಮಾತ್ರ ನೋಡಲು ಸಿಗುವಂಥ ಕೆಲಸವೂ ಇದೆ. ವಿದೇಶಿ ಕಂಪನಿಯಿಂದ ಕೊಂಡ ಸಿದ್ಧ ಸಾಫ್ಟ್‌ವೇರ್‌ಗೆ ಕೊಡುವ ಹಣ ರಾಯಲ್ಟಿ, ಅಂದರೆ ಹಕ್ಕುಸ್ವಾಮ್ಯದ ಬಳಕೆಗೆ ಕೊಡುವ ಹಣ, ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೇಳಿತ್ತು. ಅದರ ಪ್ರಕಾರ ಹಣ ಕಳಿಸುವ ಮೊದಲು ಇಲ್ಲಿ ತೆರಿಗೆ ಹಿಡಿಯಬೇಕಿತ್ತು. ನಾನು ಸೇರಿ ಎರಡು ತಿಂಗಳಾಗುವುದರೊಳಗೆ, 2021ರ ಮಾರ್ಚ್ 2ರಂದು, ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬೆಂಗಳೂರಿನ ಕಂಪನಿಗಳಿಗೆ ಇದು ದಿನನಿತ್ಯದ ವ್ಯವಹಾರ. ಹತ್ತು ವರ್ಷದ ಕಡತಗಳನ್ನು ಮತ್ತೆ ತೆಗೆದು, ಯಾವ ವರ್ಷದ ಮೇಲ್ಮನವಿ ಎಲ್ಲಿ ಬಾಕಿಯಿದೆ, ಯಾವುದರಲ್ಲಿ ಮರುಪಾವತಿ ಕೇಳಬಹುದು ಎಂಬ ಪಟ್ಟಿಯನ್ನು ನಾವು ಇಬ್ಬರು ಆರ್ಟಿಕಲ್‌ಗಳು ಸೇರಿ ಮಾಡಿದೆವು. ತೀರ್ಪನ್ನು ಆದಿಯಿಂದ ಅಂತ್ಯದವರೆಗೆ ಓದುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಸಮಯದ ವಿಚಾರ. ನಿಯಮದ ಪ್ರಕಾರ ವಾರಕ್ಕೆ 35 ಗಂಟೆ. ಸೆಪ್ಟೆಂಬರ್ ಬಂದರೆ ಆ ನಿಯಮವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ತೆರಿಗೆ ಆಡಿಟ್ ವರದಿಗೆ ಸೆಪ್ಟೆಂಬರ್ 30, ಕಂಪನಿಗಳ ರಿಟರ್ನ್‌ಗೆ ಅಕ್ಟೋಬರ್ 31, ಅಂತರರಾಷ್ಟ್ರೀಯ ವಹಿವಾಟು ಇದ್ದರೆ ನವೆಂಬರ್ 30 ಎಂಬ ಗಡುವುಗಳು ಬೆನ್ನುಬೆನ್ನಿಗೆ ಬರುತ್ತವೆ. ಗಡುವು ಮುಂದಕ್ಕೆ ಹೋದರೆ ಎಲ್ಲರೂ ಸಂತೋಷಪಡುತ್ತಾರೆ; ಆ ವರ್ಷ ಆಡಿಟ್ ವರದಿಯ ಗಡುವು 2022ರ ಫೆಬ್ರವರಿ 15ರವರೆಗೆ ಹೋದಾಗ ನಮಗೆ ದಕ್ಕಿದ್ದು ಮಾತ್ರ ಇನ್ನೂ ನಾಲ್ಕೂವರೆ ತಿಂಗಳ ಸೆಪ್ಟೆಂಬರ್.

ಉತ್ತರ 2 (ಶಿವಮೊಗ್ಗದ ಸಣ್ಣ ಕಚೇರಿ)

ದಾವಣಗೆರೆಯ ಕರೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಚೇರಿಗೆ ಅಡಿಕೆ ಮಂಡಿಯವರು ಬಿಲ್ಲುಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಆ ಚೀಲದಿಂದ ಲೆಕ್ಕ ಬರೆದು, ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಿ, ವರ್ಷದ ಕೊನೆಗೆ ಬ್ಯಾಲೆನ್ಸ್ ಶೀಟ್ ತಯಾರಿಸಿ, ಆದಾಯ ತೆರಿಗೆ ತುಂಬಿ, ನೋಟಿಸ್ ಬಂದರೆ ಉತ್ತರದ ಕರಡನ್ನೂ ನಾನೇ ಬರೆಯುತ್ತಿದ್ದೆ. ದೊಡ್ಡ ಸಂಸ್ಥೆಯಲ್ಲಿ ಇದ್ದ ನನ್ನ ಸ್ನೇಹಿತನಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಕಕ್ಷಿದಾರರ ಎದುರು ಕುಳಿತು ಮಾತನಾಡುವ ಸಂದರ್ಭ ಬರಲಿಲ್ಲ. ಸ್ಟೈಪೆಂಡ್ ಅವನಿಗೇ ಹೆಚ್ಚು, ನಿಜ. ಪಿಜಿ ಬಾಡಿಗೆಯೂ ಅವನಿಗೇ. ಸ್ವಂತ ಕಚೇರಿ ತೆರೆಯುವ ಆಸೆಯಿದ್ದರೆ ನೀವು ಊರಿನಲ್ಲೇ ಇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಉತ್ತರ 3 (ಈಗ ಎರಡನೆಯ ವರ್ಷದ ಆರ್ಟಿಕಲ್)

ಕರೆಪತ್ರದಲ್ಲಿ 'ನೇರ ತೆರಿಗೆ' ಎಂದಿದ್ದರೂ ಯಾವ ತಂಡ ಎಂದು ಈಗಲೇ ಕೇಳಿ. ನನಗೂ ಹಾಗೆಯೇ ಹೇಳಿ ಟ್ರಾನ್ಸ್‌ಫರ್ ಪ್ರೈಸಿಂಗ್‌ಗೆ ಹಾಕಿದರು. ಒಂದೇ ಸಮೂಹದ ಕಂಪನಿಗಳು ದೇಶದ ಗಡಿ ದಾಟಿ ತಮ್ಮೊಳಗೆ ನಡೆಸುವ ವಹಿವಾಟಿನ ಬೆಲೆ ನ್ಯಾಯವಾದದ್ದೇ ಎಂದು ತೋರಿಸುವ ಕೆಲಸ ಅದು. ನನ್ನ ಪಾಲಿಗೆ ಬಂದದ್ದು ನೂರಾರು ಕಂಪನಿಗಳ ವಾರ್ಷಿಕ ವರದಿ ತೆರೆದು, ಹೋಲಿಕೆಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಏಕೆ ಬಿಡಬೇಕು ಎಂದು ಎಕ್ಸೆಲ್ ಹಾಳೆಯಲ್ಲಿ ಬರೆಯುವುದು. ಒಳ್ಳೆಯ ವಿದ್ಯೆಯೇ, ಆದರೆ ಒಂದು ಸಾಮಾನ್ಯ ರಿಟರ್ನ್ ಹೇಗೆ ತುಂಬುತ್ತಾರೆ ಎಂಬುದನ್ನು ನಾನು ಅಣ್ಣನ ರಿಟರ್ನ್ ತುಂಬಿ ಕಲಿಯಬೇಕಾಯಿತು.

ಹಿರಿಯರಿಗೆ ಇಲ್ಲದಿದ್ದ ಒಂದು ತೊಡಕು ನಿಮಗೆ ಇರುತ್ತದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಸಂಬಳದ ಟಿಡಿಎಸ್‌ಗೆ ಕಲಂ 392, ಉಳಿದ ಬಹುಪಾಲಿಗೆ ಕಲಂ 393. ಹಿಂದಿನ ವರ್ಷ, ಕರನಿರ್ಧಾರಣಾ ವರ್ಷ ಎಂಬ ಜೋಡಿಯ ಜಾಗದಲ್ಲಿ 'ತೆರಿಗೆ ವರ್ಷ' ಬಂದಿದೆ. ಆದರೆ 2025-26ರ ಆದಾಯದ ರಿಟರ್ನ್, ಅದಕ್ಕೂ ಹಿಂದಿನ ವರ್ಷಗಳ ನೋಟಿಸು, ಮೇಲ್ಮನವಿ ಎಲ್ಲವೂ ಹಳೆಯ ಕಾಯ್ದೆಯಲ್ಲೇ ನಡೆಯುತ್ತವೆ. ಹಾಗಾಗಿ ಎರಡೂ ಕಾಯ್ದೆಗಳ ಕಲಂಗಳನ್ನು ಎದುರುಬದುರು ಬರೆದ ಒಂದು ಪುಸ್ತಕ ಮಾಡಿಕೊಳ್ಳಿ. ನನ್ನದು ನೂರು ಹಾಳೆಯ ನೋಟ್‌ಬುಕ್. ತಂಡದ ಹಿರಿಯರೂ ಆಗಾಗ ಎರವಲು ಒಯ್ಯುತ್ತಾರೆ.

ಉತ್ತರ 4 (ಫೈನಲ್ ಮುಗಿಸಿದವರು)

ಓದಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಫೈನಲ್‌ನ ಆರು ಪತ್ರಿಕೆಗಳಲ್ಲಿ ನೇರ ತೆರಿಗೆ ಮತ್ತು ಪರೋಕ್ಷ ತೆರಿಗೆ ಎರಡೇ. ಆಡಿಟ್ ಮತ್ತು ಫೈನಾನ್ಶಿಯಲ್ ರಿಪೋರ್ಟಿಂಗ್ ಪತ್ರಿಕೆಗಳನ್ನು ತೆರಿಗೆ ವಿಭಾಗದವರು ಪುಸ್ತಕದಿಂದಲೇ ಕಲಿಯಬೇಕು, ನಾನು ಮೊದಲ ಸಲ ಸೋತದ್ದೂ ಅಲ್ಲೇ. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳಾದ ಮೇಲೆ ಫೈನಲ್ ಬರೆಯಬೇಕಾದ್ದರಿಂದ ಓದಿಗೆ ಆ ಅವಧಿ ಪೂರ್ತಿ ಸಿಗುತ್ತದೆ. ಆದರೂ ಡಿಸೆಂಬರ್‌ನಿಂದ ಮೇವರೆಗೆ ಕೆಲಸ ತುಸು ಹಗುರವಿರುವಾಗ ಈ ಎರಡು ಪತ್ರಿಕೆಗಳನ್ನು ಒಂದು ಸುತ್ತು ಓದಿಟ್ಟುಕೊಳ್ಳಿ. ವರ್ಷದಲ್ಲಿ ಒಂದಷ್ಟು ವಾರ ಆಡಿಟ್ ತಂಡಕ್ಕೆ ಕಳಿಸುವ ರೂಢಿ ಆ ಸಂಸ್ಥೆಯಲ್ಲಿ ಇದೆಯೇ ಎಂದು ವಿಚಾರಿಸಿ. ನಮ್ಮಲ್ಲಿ ಕೇಳಿದವರನ್ನು ಕಳಿಸುತ್ತಿದ್ದರು, ನಾನು ಕೇಳಲಿಲ್ಲ.

ಎಲ್ಲಿಗೇ ಸೇರಿದರೂ ಆರಂಭದ ದಿನದಿಂದ 30 ದಿನದೊಳಗೆ ನಿಮ್ಮ ತರಬೇತಿಯ ನೋಂದಣಿಗಾಗಿ ಇರುವ ಫಾರ್ಮ್ 103 ಸಲ್ಲಿಕೆಯಾಗಿದೆಯೇ ಎಂದು ನೀವೇ ನೋಡಿಕೊಳ್ಳಿ. ನನ್ನ ಜೊತೆಗಾರರೊಬ್ಬರದನ್ನು ಕಚೇರಿಯವರು ಸಲ್ಲಿಸಿಯೇ ಇರಲಿಲ್ಲ, ಅದು ತಿಳಿದದ್ದು ಅವರು ಸೇರಿ ಎರಡು ತಿಂಗಳಾದ ಮೇಲೆ.