ಪಕ್ಕದ ಮನೆಯ ಅಮ್ಮನಿಗೆ ಎಂಬತ್ತು ತುಂಬುತ್ತಿದೆ, ನಿಮ್ಮ ಅನುಭವ ಹೇಳಿ

ಕೇಳಿದವರು: ಡಿಕೇಟರ್, ಜಾರ್ಜಿಯಾ

ಅಟ್ಲಾಂಟಾ ಪಕ್ಕದ ಈ ಊರಿಗೆ ನಾವು ಬಂದು ಒಂಬತ್ತು ವರ್ಷ. ಪಕ್ಕದ ಮನೆಯಲ್ಲಿರುವವರು ಆಫ್ರಿಕನ್ ಅಮೆರಿಕನ್ ಹಿರಿಯರು, ನಿವೃತ್ತ ಟೀಚರ್, ಗಂಡ ತೀರಿಕೊಂಡಿದ್ದಾರೆ. ನನ್ನ ಬಾಣಂತನಕ್ಕೆ ಅಮ್ಮ ಬರಲಾಗದೆ ಹೋದಾಗ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ರಾತ್ರಿಯೆಲ್ಲ ಓಡಾಡಿದ್ದು ಇವರೇ. ಬರುವ ಅಕ್ಟೋಬರ್‌ಗೆ ಅವರಿಗೆ 80. ಈಚೆಗೆ ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತುಬಿಡುತ್ತಾರೆ. ಏನಾಯಿತು ಅಂದರೆ ‘ಐ ಆಮ್ ಫೈನ್, ಬೇಬಿ’ ಅಂತ ನಕ್ಕು ಒಳಗೆ ಹೋಗುತ್ತಾರೆ. ಮಗ ದೂರದ ಸಿಯಾಟಲ್‌ನಲ್ಲಿ. ಅವರ ಮರ್ಯಾದೆಗೆ ಕುಂದು ಬಾರದ ಹಾಗೆ ನೆರವಾಗುವುದು ಹೇಗೆ? ಹುಟ್ಟುಹಬ್ಬವನ್ನು ಅವರ ಮನಸ್ಸಿಗೆ ಒಪ್ಪುವಂತೆ ಮಾಡುವುದು ಹೇಗೆ? ಕಪ್ಪು ಜನಾಂಗದ ಹಿರಿಯ ಹೆಂಗಸರ ಒಡನಾಟ ಇರುವವರು ದಯವಿಟ್ಟು ತಿಳಿಸಿ.

ಬಾಲ್ಟಿಮೋರ್‌ನಿಂದ, ನರ್ಸ್

ತಂಗಿ, ಹುಟ್ಟುಹಬ್ಬ ಆಮೇಲೆ. ಮೊದಲು ಆ ಮೆಟ್ಟಿಲು. ಈ ದೇಶದ ಕಪ್ಪು ಜನಾಂಗದ ವಯಸ್ಕ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಪಿ ಇದೆ. ಹೆಂಗಸರಿಗೆ ಹೃದಯದ ತೊಂದರೆ ಎಷ್ಟೋ ಸಲ ಎದೆನೋವಾಗಿ ಕಾಣಿಸಿಕೊಳ್ಳುವುದಿಲ್ಲ, ಉಸಿರು ಸಾಲದೆ, ಕಾರಣವಿಲ್ಲದ ಸುಸ್ತಾಗಿ ಬರುತ್ತದೆ. ಈ ವಾರವೇ ತೋರಿಸಬೇಕು. ‘ಡಾಕ್ಟರ್ ಹತ್ತಿರ ಹೋಗಿ’ ಅಂತ ಬುದ್ಧಿ ಹೇಳಬೇಡಿ. ‘ನಾನು ಕಾರು ಓಡಿಸುತ್ತೇನೆ, ಜೊತೆಗೆ ಒಳಗೂ ಬರಲಾ?’ ಅಂತ ಕೇಳಿ. ಒಪ್ಪಿದರೆ ಒಂದು ನೋಟ್‌ಬುಕ್, ಪೆನ್ನು ಹಿಡಿದು ಪಕ್ಕದಲ್ಲಿ ಕೂರಿ. ನಾನು ಕೆಲಸ ಮಾಡಿದ ವಾರ್ಡುಗಳಲ್ಲಿ ಕಣ್ಣಾರೆ ಕಂಡಿದ್ದೇನೆ: ಒಂದೇ ನೋವನ್ನು ಬಿಳಿಯ ರೋಗಿ ಹೇಳಿದರೆ ಪರೀಕ್ಷೆಗೆ ಬರೆಯುತ್ತಾರೆ, ಕಪ್ಪು ಅಜ್ಜಿ ಹೇಳಿದರೆ ‘ವಯಸ್ಸಾಯಿತಲ್ಲ’ ಅನ್ನುತ್ತಾರೆ. ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳುತ್ತಾ ಕೂತರೆ ಉತ್ತರದ ವರಸೆಯೇ ಬದಲಾಗುತ್ತದೆ. ಆದರೆ ಅವರ ಪರವಾಗಿ ನೀವು ಮಾತಾಡಲು ಹೋಗಬೇಡಿ. ಜೀವಮಾನವೆಲ್ಲ ಪಾಠ ಹೇಳಿದವರು, ಮಾತು ಅವರದೇ ಇರಲಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಕಪ್ಪು ಚರ್ಮದ ಮೇಲೆ ಕೆಲವೊಮ್ಮೆ ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಕಿ ಚೆನ್ನಾಗಿದ್ದು ಉಸಿರು ಕಟ್ಟುತ್ತಿದ್ದರೆ ಉಸಿರನ್ನೇ ನಂಬಿ. ಮುಂದೆ ಎಂದಾದರೂ ಹಾಸಿಗೆ ಹಿಡಿದರೆ ಬೆನ್ನಿನ ಹುಣ್ಣಿನ ಮೊದಲ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಕೈಯಿಂದ ಮುಟ್ಟಿ ಬಿಸಿ, ಗಡಸು ಇದೆಯಾ ನೋಡಬೇಕು. ಮರೆವಿನ ಕಾಯಿಲೆಯೂ ಬಿಳಿಯ ಹಿರಿಯರಿಗಿಂತ ಕಪ್ಪು ಹಿರಿಯರಲ್ಲಿ ಸುಮಾರು ಎರಡು ಪಟ್ಟು. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನ ವಾರ್ಷಿಕ ವೆಲ್‌ನೆಸ್ ಭೇಟಿಯಲ್ಲಿ ನೆನಪಿನ ಶಕ್ತಿಯನ್ನೂ ನೋಡುತ್ತಾರೆ, ಅದನ್ನು ತಪ್ಪಿಸದ ಹಾಗೆ ನೋಡಿಕೊಳ್ಳಿ.

ಇದೆಲ್ಲ ಅವರ ಮೈಯ ದೋಷವಲ್ಲ. ಆರ್ಲೀನ್ ಜೆರೋನಿಮಸ್ ಎಂಬ ವಿದ್ವಾಂಸೆ 1992ರಲ್ಲೇ ಬರೆದರು: ಗಾಳಿ ಮಳೆಗೆ ಒಡ್ಡಿಕೊಂಡ ಮರದ ಬಾಗಿಲು ಸವೆಯುವಂತೆ, ದಿನನಿತ್ಯದ ತಾರತಮ್ಯ ತಿಂದು ತಿಂದು ಈ ಹೆಂಗಸರ ದೇಹ ಬೇಗ ಸವೆಯುತ್ತದೆ ಅಂತ. ಅದಕ್ಕೇ ನಾನು ‘ನೀವೆಷ್ಟು ಗಟ್ಟಿಗಿತ್ತಿ’ ಅನ್ನುವುದನ್ನು ಬಿಟ್ಟಿದ್ದೇನೆ. ಗಟ್ಟಿ ಗಟ್ಟಿ ಅಂದರೆ ಪಾಪ, ಸುಸ್ತಾಗಿದೆ ಅಂತ ಹೇಳಿಕೊಳ್ಳಲು ಅವರಿಗೆ ಜಾಗವೇ ಉಳಿಯುವುದಿಲ್ಲ.

ನಮ್ಮ ಬಾಲ್ಟಿಮೋರ್‌ನ ಅರ್ನೆಸ್ಟೀನ್ ಶೆಪರ್ಡ್ ಹೆಸರು ಕೇಳಿರಬಹುದು. 56ನೇ ವಯಸ್ಸಿನಲ್ಲಿ ವ್ಯಾಯಾಮ ಶುರು ಮಾಡಿ, 2010ರಲ್ಲಿ ಸ್ಪರ್ಧೆಗಿಳಿಯುವ ಅತಿ ಹಿರಿಯ ಮಹಿಳಾ ಬಾಡಿಬಿಲ್ಡರ್ ಅಂತ ಗಿನ್ನೆಸ್ ದಾಖಲೆಗೆ ಸೇರಿದವರು. ಅವರನ್ನು ಯಾರಿಗೂ ಅಳತೆಗೋಲು ಮಾಡಬೇಡಿ. ಆದರೆ ಅವರು ಒಬ್ಬರೇ ಶುರು ಮಾಡಲಿಲ್ಲ, ಒಡಹುಟ್ಟಿದವರ ಜೊತೆ ಜಿಮ್‌ಗೆ ಹೋದರು. ಗರ್ಲ್‌ಟ್ರೆಕ್ ಎಂಬ ಕಪ್ಪು ಹೆಂಗಸರ ನಡಿಗೆ ಸಂಘಟನೆಯೂ ದಿನಕ್ಕೆ 30 ನಿಮಿಷ ನಡೆಯಿರಿ ಅನ್ನುತ್ತದೆ. ಡಾಕ್ಟರ್ ಸರಿ ಅಂದ ಮೇಲೆ ಸಂಜೆ ಸ್ಟ್ರೋಲರ್ ತಳ್ಳಿಕೊಂಡು ಹೊರಡುವಾಗ ಅವರ ಬಾಗಿಲು ತಟ್ಟಿ.

ಬರ್ಮಿಂಗ್‌ಹ್ಯಾಮ್, ಅಲಬಾಮದಿಂದ

ನಾನು ದಾವಣಗೆರೆಯವಳು, ಕಪ್ಪು ಕುಟುಂಬದ ಸೊಸೆಯಾಗಿ ಹದಿನಾಲ್ಕು ವರ್ಷ. ಮದುವೆಯಾದ ಹೊಸತರಲ್ಲಿ, ಅಮೆರಿಕದಲ್ಲಿ ಎಲ್ಲರೂ ಹೀಗೇ ಅಲ್ಲವಾ ಅಂದುಕೊಂಡು ಅತ್ತೆಯ ಅಕ್ಕನನ್ನು ಬರೀ ಹೆಸರು ಹಿಡಿದು ಕರೆದೆ. ಊಟದ ಮೇಜು ಗಪ್‌ಚಿಪ್. ನಮ್ಮಲ್ಲಿ ದೊಡ್ಡಮ್ಮನನ್ನು ಏಕವಚನದಲ್ಲಿ ಕರೆದರೆ ಹೇಗೋ ಹಾಗೆ. ಆಮೇಲೆ ಅತ್ತೆ ಅಡುಗೆಮನೆಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮೇರಿ ಹ್ಯಾಮಿಲ್ಟನ್ ಕಥೆ ಹೇಳಿದರು. 1963ರಲ್ಲಿ, ಇದೇ ಅಲಬಾಮದ ಗ್ಯಾಡ್ಸ್‌ಡನ್ ಕೋರ್ಟಿನಲ್ಲಿ ಸರ್ಕಾರಿ ವಕೀಲ ಅವರನ್ನು ‘ಮೇರಿ’ ಅಂದ. ಬಿಳಿಯ ಹೆಂಗಸರಿಗೆ ಮಿಸ್, ಮಿಸೆಸ್. ಕಪ್ಪು ಹೆಂಗಸರಿಗೆ ಬರೀ ಹೆಸರು, ಅದೇ ಅಲ್ಲಿನ ರೂಢಿ. ‘ಮಿಸ್ ಹ್ಯಾಮಿಲ್ಟನ್’ ಅನ್ನುವವರೆಗೂ ಉತ್ತರ ಕೊಡುವುದಿಲ್ಲ ಅಂತ ಅವರು ಕೂತುಬಿಟ್ಟರು. 5 ದಿನ ಜೈಲು, 50 ಡಾಲರ್ ದಂಡ. 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ನಿಮ್ಮ ಪಕ್ಕದ ಮನೆಯವರು ಆಗ ಹೈಸ್ಕೂಲ್ ವಯಸ್ಸಿನವರು, ಲೆಕ್ಕ ಹಾಕಿ ನೋಡಿ.

ಹಾಗಾಗಿ ಅವರಾಗಿ ಬೇರೆ ಹೇಳುವ ತನಕ ಮಿಸೆಸ್ ಸೇರಿಸಿ ಮನೆತನದ ಹೆಸರು, ಮಾತಿಗೊಮ್ಮೆ ‘ಮ್ಯಾಮ್’. ಕ್ಲಿನಿಕ್ಕಿನ ಹುಡುಗರು ಹೆಸರು ಹಿಡಿದು ಕೂಗಿದರೆ ನೀವು ಮೆಲ್ಲಗೆ ತಿದ್ದಬಹುದು.

ಹುಟ್ಟುಹಬ್ಬವನ್ನು ನೀವೊಬ್ಬರೇ ಮೈಮೇಲೆ ಹಾಕಿಕೊಳ್ಳಬೇಡಿ. ಅವರದೇ ಬಳಗ ಇರುತ್ತದೆ. ಚರ್ಚಿಗೆ ಹೋಗುವವರಾದರೆ ಅಲ್ಲಿ ಬಿಳಿ ಉಡುಪು, ಟೋಪಿ ತೊಟ್ಟು ಮುಂದಿನ ಸಾಲಲ್ಲಿ ಕೂರುವ ‘ಚರ್ಚ್ ಮದರ್’ಗಳು ಇರುತ್ತಾರೆ. ಅವರಲ್ಲೊಬ್ಬರಿಗೆ ಫೋನ್ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಟೀಚರ್ ಆಗಿದ್ದವರು ಅಂದಿರಲ್ಲ, ಸೊರೋರಿಟಿ (ಕಾಲೇಜಿನ ಹೆಣ್ಣುಮಕ್ಕಳ ಸಂಘ) ಯಾವುದು ಅಂತಲೂ ವಿಚಾರಿಸಿ. ಕಾಲೇಜಿನಲ್ಲಿ ಸೇರಿದರೆ ಜೀವನಪೂರ್ತಿ ಅಕ್ಕತಂಗಿಯರು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾದವರದು ಗುಲಾಬಿ, ಹಸಿರು. 1913ರ ಡೆಲ್ಟಾ ಸಿಗ್ಮಾ ಥೀಟಾದವರದು ಕಡುಗೆಂಪು, ಕೆನೆಬಣ್ಣ. ಬಲೂನಿನ ಬಣ್ಣ ಅದಲುಬದಲಾದರೆ ಬಂದವರೆಲ್ಲ ಗಮನಿಸುತ್ತಾರೆ!

ಹ್ಯೂಸ್ಟನ್‌ನಿಂದ

ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ, ಒಂದೇ ವಿಷಯ ಹೇಳುತ್ತೇನೆ: ಕೂದಲು. ನಮ್ಮಲ್ಲಿ ಕಪ್ಪು ಅಜ್ಜಿಯರ ಕೂದಲನ್ನು ದಿನಾ ಶಾಂಪೂ ಹಾಕಿ ತೊಳೆದು ಒಣಗಿಸಿ ಮುರಿದುಹಾಕುವುದನ್ನು ಕಂಡು ಹೊಟ್ಟೆ ಉರಿದಿದೆ. ಆ ಕೂದಲಿಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನೀರು ಸಾಕು, ಎಣ್ಣೆ ಬೇಕು, ರಾತ್ರಿ ಸ್ಯಾಟಿನ್ ಟೋಪಿ ಬೇಕು. ಕೈ ಎತ್ತಿ ಜಡೆ ಹಾಕಿಕೊಳ್ಳಲು ಆಗದ ವಯಸ್ಸಿನಲ್ಲಿ, ತಿಂಗಳಿಗೆರಡು ಸಲ ಅವರ ಮಾಮೂಲಿ ಸಲೂನ್‌ಗೆ ಕರೆದುಕೊಂಡು ಹೋಗುವುದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಅಲ್ಲಿ ಸಿಗುವ ಹರಟೆಯೂ ಔಷಧಿಯೇ.

ಫೋರ್ಟ್ ವರ್ತ್‌ನಿಂದ

ನಮ್ಮ ಊರಿನ ಓಪಲ್ ಲೀ ಅವರಿಗೆ 12 ವರ್ಷವಿದ್ದಾಗ, 1939ರ ಜೂನ್ 19ರಂದು, ಬಿಳಿಯರ ಗುಂಪು ಅವರ ಮನೆಯನ್ನು ಹಾಳುಮಾಡಿತು. 2016ರಲ್ಲಿ, 89ನೇ ವಯಸ್ಸಿನಲ್ಲಿ, ಜೂನ್‌ಟೀನ್ತ್ (ಜೂನ್ 19) ರಾಷ್ಟ್ರೀಯ ರಜೆಯಾಗಲಿ ಅಂತ ವಾಷಿಂಗ್ಟನ್ ಕಡೆಗೆ ನಡೆಯತೊಡಗಿದರು. ಗುಲಾಮರ ಬಿಡುಗಡೆಯ ಸುದ್ದಿ ಟೆಕ್ಸಸ್‌ಗೆ ಎರಡೂವರೆ ವರ್ಷ ತಡವಾಗಿ ಬಂತಲ್ಲ, ಅದರ ನೆನಪಿಗೆ ಹೋದ ಊರುಗಳಲ್ಲಿ ಎರಡೂವರೆ ಮೈಲಿ ನಡಿಗೆ. 2021ರಲ್ಲಿ ಅದು ಕಾನೂನಾಯಿತು. ಹೊಗಳಿಕೆ, ಪದಕ ಎಲ್ಲ ಬಂತು. ಆದರೆ ಅವರು ತಾವಾಗಿ ಕೇಳಿದ್ದು ಆ ಹಳೆಯ ಮನೆಯ ಜಾಗವನ್ನು. 2024ರಲ್ಲಿ ಅದೇ ನೆಲದ ಮೇಲೆ ಹೊಸ ಮನೆ ಎದ್ದಿತು. ಯಾಕೆ ಹೇಳಿದೆ ಅಂದರೆ, ನಿಮ್ಮ ಅಮ್ಮನಿಗೆ ಏನು ಬೇಕು ಅಂತ ಇಲ್ಲಿ ಯಾರನ್ನು ಕೇಳಿದರೂ ಗೊತ್ತಾಗುವುದಿಲ್ಲ. ಅವರನ್ನೇ ಕೇಳಿ.

ಹಳಿಯಾಳದಿಂದ

ದೂರದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಸಿದ್ದಿ ಸಮುದಾಯದವರ ಪೂರ್ವಿಕರೂ ಆಫ್ರಿಕಾದವರೇ. ಅಲ್ಲಿನ ಅಜ್ಜಿಯರು ಹಳೆ ಸೀರೆ, ಅಂಗಿ ಚೂರುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ‘ಫೂಲ’, ಅಂದರೆ ಮಡಚಿದ ಬಟ್ಟೆ ಚೂರು, ಇಡದೆ ಕೌದಿ ಮುಗಿಯುವುದಿಲ್ಲ. ಅಲಬಾಮದ ಜೀಸ್ ಬೆಂಡ್‌ನ ಕಪ್ಪು ಹೆಂಗಸರ ಕೌದಿಗಳೂ ಜಗತ್ತಿಗೆ ಗೊತ್ತು. ನಿಮ್ಮ ಮಗುವಿನ ಚಿಕ್ಕ ಅಂಗಿಗಳಿದ್ದರೆ ಕಳಿಸಿ ತಂಗಿ, ಅವರು ಎತ್ತಿ ಆಡಿಸಿದ ಮಗುವಿನ ಬಟ್ಟೆಯದೇ ಒಂದು ಕೌದಿ ಆಗಲಿ. ಕೂಲಿ ಮಾತ್ರ ಹೊಲಿದವರ ಕೈಗೇ ಸೇರಬೇಕು, ಚೌಕಾಸಿ ಬೇಡ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಗುರುವಾರ ಡಾಕ್ಟರ್ ಹತ್ತಿರ ಹೋಗಿ ಬಂದೆವು. ನಾನು ಬರೆದುಕೊಂಡೆ, ಅವರು ಮಾತಾಡಿದರು. ಬಿಪಿ ಮಾತ್ರೆ ಬದಲಾಯಿತು, ಮುಂದಿನ ವಾರ ಹೃದಯದ ಸ್ಕ್ಯಾನ್. ವಾಪಸ್ ಬರುವಾಗ ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿಯೇಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದರು. ಸೆಲ್ಮಾ ಹತ್ತಿರ ಅವರ ತಂಗಿ ಇದ್ದಾರಂತೆ, ಮಂಡಿ ನೋವು, ಹೊರಗೆ ಬರಲಾಗದು. ಇವರಿಗೆ ಅಷ್ಟು ದೂರ ಕಾರು ಓಡಿಸುವ ಧೈರ್ಯವಿಲ್ಲ. ಇಬ್ಬರೂ ಮುಖ ನೋಡಿ ಎರಡು ವರ್ಷವಾಯಿತು. ಅಕ್ಟೋಬರ್ ಎರಡನೇ ಶನಿವಾರ ಬೆಳಗ್ಗೆ ಆರಕ್ಕೆ ಹೊರಡುತ್ತೇವೆ. ಶುಕ್ರವಾರ ಸಲೂನ್ ಬುಕ್ ಆಗಿದೆ. ಅಂಗಿಗಳನ್ನು ಇವತ್ತೇ ಪಾರ್ಸೆಲ್ ಮಾಡಿದೆ.